ಮಡಿಕೆ ಕತ್ತರಿಸುವ ಮುನ್ನ: ಗ್ರಂಥಾಲಯ ಬೈಂಡಿಂಗ್ ಮನೆತನಗಳ ಚರಿತ್ರೆ

(ಗ್ರಂಥಪಾಲಕರಿಗೂ ಬೈಂಡಿಂಗ್ ಕೆಲಸಗಾರರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸಿದ ಹಳೆಯ ಪುಸ್ತಕಗಳನ್ನು ನಮ್ಮಲ್ಲಿ ಅನೇಕರು ಇಳಿಸಿಕೊಂಡು ಓದುತ್ತೇವೆ. ಆದರೆ ಕೊನೆಯ ಖಾಲಿ ಹಾಳೆಗಳವರೆಗೆ ಹೋಗುವವರು ಕಡಿಮೆ. ಹೋದರೆ ಎಷ್ಟೋ ಪುಸ್ತಕಗಳ ಹಿಂಬದಿಯಲ್ಲಿ ಒಂದು ಸಣ್ಣ ಮುದ್ರೆ ಸಿಗುತ್ತದೆ: ಹೆಕ್‌ಮನ್ ಬೈಂಡರಿ, ನಾರ್ತ್ ಮ್ಯಾಂಚೆಸ್ಟರ್, ಇಂಡಿಯಾನ. ಅದರೊಳಗೆ 'ಬೌಂಡ್ ಟು ಪ್ಲೀಸ್' ಎಂಬ ಘೋಷವಾಕ್ಯ, ಜೊತೆಗೆ ಬೈಂಡ್ ಆದ ತಿಂಗಳು ಮತ್ತು ವರ್ಷ. ಹೆಕ್‌ಮನ್ ಎಂಬುದು ಒಂದು ಮನೆತನದ ಹೆಸರು. ನಾರ್ತ್ ಮ್ಯಾಂಚೆಸ್ಟರ್ ಒಂದು ಚಿಕ್ಕ ಊರು. ಆ ಊರಿನ ಒಂದು ಕುಟುಂಬದ ಕಾರ್ಖಾನೆಗೆ ದೂರದೂರದ ಗ್ರಂಥಾಲಯಗಳಿಂದ ಪುಸ್ತಕಗಳು ಹೋಗಿ ಬರುತ್ತಿದ್ದವು.

ಈ ಕೆಲಸಕ್ಕೆ ಗ್ರಂಥಾಲಯ ಬೈಂಡಿಂಗ್ ಎನ್ನುತ್ತಾರೆ. ಪ್ರಕಾಶಕರು ಮಾಡಿಸುವ ಬೈಂಡಿಂಗಿಗಿಂತ ಇದು ಬೇರೆಯದೇ ಕಸುಬು. ಪ್ರಕಾಶಕರ ಗಟ್ಟಿ ರಟ್ಟು ಪುಸ್ತಕವನ್ನು ಹಿಡಿದಿರುವುದು ಎರಡೇ ವಸ್ತುಗಳ ಬಲದಿಂದ: ಬೆನ್ನಿಗೆ ಅಂಟಿಸಿದ ಜಾಳುಬಟ್ಟೆ ಮತ್ತು ಅದರ ಮೇಲೆ ಬರುವ ಎಂಡ್ ಪೇಪರ್, ಅಂದರೆ ರಟ್ಟಿನ ಒಳಮೈಗೆ ಅಂಟಿಸುವ ಖಾಲಿ ಹಾಳೆ. ಮನೆಯಲ್ಲಿ ಐದಾರು ಮಂದಿ ಓದುವ ಪುಸ್ತಕಕ್ಕೆ ಇಷ್ಟು ಸಾಕು. ಎರವಲು ಹೋಗುವ ಪುಸ್ತಕಕ್ಕೆ ಸಾಲದು. ಮೊದಲು ರಟ್ಟಿಗೂ ಬೆನ್ನಿಗೂ ನಡುವಿನ ಕೀಲು ಹರಿಯುತ್ತದೆ, ಆಮೇಲೆ ಮೊದಲ ಮತ್ತು ಕೊನೆಯ ಫಾರಂಗಳು (ಅಚ್ಚಾದ ದೊಡ್ಡ ಹಾಳೆಯನ್ನು ಮಡಿಚಿ ಮಾಡಿದ ಪುಟಗಳ ಕಟ್ಟುಗಳು) ಸಡಿಲವಾಗುತ್ತವೆ, ಕೊನೆಗೆ ಒಳಗಿನ ಪುಟಗಳು ಕೈಗೆ ಬರುತ್ತವೆ. ಗ್ರಂಥಾಲಯ ಬೈಂಡಿಂಗಿನ ಗುರಿ ಒಂದು ಪುಸ್ತಕ ನೂರು ಸಲಕ್ಕೂ ಮೀರಿ ಹೊರಗೆ ಹೋಗಿ ಬಂದರೂ ಬಿಡಿಬಿಡಿಯಾಗದಂತೆ ನೋಡಿಕೊಳ್ಳುವುದು. ಅಷ್ಟು ಗಟ್ಟಿತನವನ್ನು ಪಡೆಯಲು ಪುಸ್ತಕದ ಯಾವ ಭಾಗವನ್ನು ಬಿಟ್ಟುಕೊಡಬೇಕು? ಈ ಕಸುಬಿನ ನೂರೈವತ್ತು ವರ್ಷಗಳ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಬಹುಕಾಲ ಬಿಟ್ಟುಕೊಟ್ಟದ್ದು ಹಾಳೆಯ ಮಡಿಕೆಯನ್ನು, ಅಂದರೆ ಫಾರಂ ಮಡಿಚಿದ, ಬೆನ್ನಿನ ಕಡೆಯ ಗೆರೆಯನ್ನು. ಅಷ್ಟು ಸುಲಭವಾಗಿ ಬಿಟ್ಟುಕೊಡಬಾರದಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಸುಬು ಬೆಳೆದ ಬಗೆ

ಅಮೆರಿಕದಲ್ಲಿ ಈ ಕಸುಬಿನ ಬಹುಪಾಲು ಮನೆತನಗಳ ಕೈಯಲ್ಲೇ ಬೆಳೆಯಿತು. ಅರ್ನ್ಸ್ಟ್ ಹರ್ಟ್ಸ್‌ಬರ್ಗ್ ಹೆಸರಿನೊಂದಿಗೆ ಬೆಸೆದುಕೊಂಡ ಶಿಕಾಗೋದ 'ಮೊನಾಸ್ಟರಿ ಹಿಲ್ ಬೈಂಡರಿ' ತನ್ನ ಆರಂಭವನ್ನು 1868ರಿಂದ ಎಣಿಸುತ್ತದೆ. ಮಕ್ಕಳು ಮೊಮ್ಮಕ್ಕಳವರೆಗೆ ಅದು ಮನೆತನದಲ್ಲೇ ಉಳಿಯಿತು. ಬಾಸ್ಟನ್‌ನ ಚಾರ್ಲ್ಸ್‌ಟೌನ್‌ನಲ್ಲಿದ್ದ ಆಕ್ಮೆ ಬುಕ್‌ಬೈಂಡಿಂಗ್ ತನ್ನ ಬೇರನ್ನು 1821ರವರೆಗೂ ಹೇಳಿಕೊಳ್ಳುತ್ತಿತ್ತು. ಅದನ್ನು ಪಾರಿಸಿ ಕುಟುಂಬ ನಡೆಸಿತು.

ಕುಟುಂಬಗಳೇ ಏಕೆ? ದೊಡ್ಡ ಬಂಡವಾಳ ಬೇಡದ, ಆದರೆ ಕೈಚಳಕ ಬಹಳ ಬೇಕಾದ ಕೆಲಸ ಇದು. ಬೆನ್ನನ್ನು ಸುತ್ತಿಗೆಯಿಂದ ಎಷ್ಟು ಬಾಗಿಸಬೇಕು, ಅಂಟು ಎಷ್ಟು ತೆಳ್ಳಗಿರಬೇಕು ಎಂಬುದನ್ನು ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ನೋಡಿಯೇ ಕಲಿಯಬೇಕು. ಅದಕ್ಕಿಂತ ದೊಡ್ಡ ಕಾರಣ ನಂಬಿಕೆ. ಗ್ರಂಥಾಲಯವು ಮತ್ತೆ ಸಿಗದ ಪ್ರತಿಯನ್ನು, ಹತ್ತು ವರ್ಷ ಕೂಡಿಟ್ಟ ಪತ್ರಿಕೆಯ ಸಂಚಿಕೆಗಳನ್ನು ಒಂದು ತಿಂಗಳ ಮಟ್ಟಿಗೆ ಪರರ ಕೈಗೆ ಒಪ್ಪಿಸುತ್ತದೆ. ಕಳೆದುಹೋದರೆ ವಿಮೆಯ ಹಣದಿಂದ ಅದು ವಾಪಸು ಬರುವುದಿಲ್ಲ. ಮಾಲೀಕರ ಹೆಸರೇ ಬೋರ್ಡಿನ ಮೇಲಿರುವ, ಅವರ ಮಗನೋ ಅಳಿಯನೋ ಲಾರಿ ತಂದು ಬಾಗಿಲಲ್ಲಿ ನಿಲ್ಲಿಸುವ ಅಂಗಡಿಗೇ ಗ್ರಂಥಪಾಲಕರು ಪುಸ್ತಕ ಕೊಡಲು ಇಷ್ಟಪಟ್ಟರು.

ಬೇಡಿಕೆ ಏರಲು ಎರಡು ಕಾರಣ ಒಟ್ಟಿಗೆ ಕೂಡಿಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತರ ಆರಂಭದಲ್ಲಿ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ಕೊಟ್ಟ ಹಣದಿಂದ ಅಮೆರಿಕವೊಂದರಲ್ಲೇ 1,679 ಸಾರ್ವಜನಿಕ ಗ್ರಂಥಾಲಯ ಕಟ್ಟಡಗಳು ಎದ್ದವು. ಪುಸ್ತಕಗಳು ಎಂದೂ ಇಲ್ಲದಷ್ಟು ಕೈ ಬದಲಾಯಿಸತೊಡಗಿದವು. ಅದೇ ಕಾಲಕ್ಕೆ ಚಿಂದಿ ಬಟ್ಟೆಯ ಕಾಗದ ಹೋಗಿ ಮರದ ತಿರುಳಿನ ಕಾಗದ ಬಂದಿತ್ತು. ಈ ಕಾಗದ ಗಿಡ್ಡ ನಾರಿನದು. ಶಾಯಿ ಹರಡದಿರಲೆಂದು ಹಾಕುವ ಪಟಿಕ ಮತ್ತು ರಾಳದ ಲೇಪದಿಂದ ಆಮ್ಲ ಬೆಳೆದು ಹಾಳೆ ವರ್ಷದಿಂದ ವರ್ಷಕ್ಕೆ ಪೆಡಸಾಗುತ್ತದೆ. ಓದುಗರು ಹೆಚ್ಚಾದ ಹೊತ್ತಿಗೇ ಕಾಗದ ದುರ್ಬಲವಾಯಿತು.

ಇದನ್ನು ಮೊದಲೇ ಸ್ಪಷ್ಟವಾಗಿ ಕಂಡವರಲ್ಲಿ ಇಂಗ್ಲೆಂಡಿನ ಬಾತ್ ನಗರದ ಸೆಡ್ರಿಕ್ ಚಿವರ್ಸ್ (1853–1929) ಒಬ್ಬರು. ತಮ್ಮ ಊರಿಗೆ ಹಲವು ಸಲ ಮೇಯರ್ ಆಗಿದ್ದವರು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೂ ಬೈಂಡಿಂಗ್ ಶಾಖೆ ತೆರೆದವರು. ಕಾಗದದ ಗುಣ ನೋಡಿ ಹೊಲಿಗೆ ಆರಿಸಬೇಕು ಎಂಬುದು ಅವರ ವಾದ. ಹತ್ತಿಯಂತೆ ಉಬ್ಬಿದ, ಮೆತ್ತನೆಯ ಕಾಗದದಲ್ಲಿ ಮಡಿಕೆಯ ಮೂಲಕ ದಾರ ಹಾಯಿಸಿದರೆ ದಾರವೇ ಗರಗಸವಾಗಿ ಮಡಿಕೆಯನ್ನು ಸೀಳುತ್ತದೆ. ಅಂಥ ಪುಸ್ತಕಕ್ಕೆ ಮಡಿಕೆಯನ್ನು ಬಿಟ್ಟು, ಅಂಚಿನುದ್ದಕ್ಕೂ ಓರೆಯಾಗಿ ಹಾಳೆಗಳನ್ನು ಹೆಣೆಯುವ ಹೊಲಿಗೆಯನ್ನು ಅವರು ಕೈಯಲ್ಲಿ ಮಾಡಿಸುತ್ತಿದ್ದರು. ಇದನ್ನು ಓವರ್‌ಸೋಯಿಂಗ್ ಎನ್ನುತ್ತಾರೆ. ಕೆಟ್ಟ ಕಾಗದಕ್ಕೆಂದು ಹುಟ್ಟಿದ ಮದ್ದು ಇದು ಎಂಬುದನ್ನು ನೆನಪಿಡಬೇಕು.

ಯಂತ್ರ ಬಂದ ಮೇಲೆ

1920ರ ಸುಮಾರಿಗೆ ಡಬ್ಲ್ಯು. ಎಲ್ಮರ್ ರೀವಿಸ್ ಎಂಬುವರು ಈ ಹೊಲಿಗೆಯನ್ನು ಯಂತ್ರಕ್ಕೆ ಇಳಿಸಿದರು. ಕೆಲಸ ನಡೆಯುವುದು ಹೀಗೆ. ಹಳೆಯ ರಟ್ಟು ಕಿತ್ತು, ಬೆನ್ನಿನ ಒಣ ಸರೇಸನ್ನು ತೆಗೆಯುತ್ತಾರೆ. ಬೆನ್ನಿನ ಕಡೆಯಿಂದ ಸುಮಾರು 3 ಮಿ.ಮೀ. ಕತ್ತರಿಸಿ ಹಾಕುತ್ತಾರೆ. ಅಲ್ಲಿಗೆ ಮಡಿಕೆಗಳೆಲ್ಲ ಹೋಗಿ ಪುಸ್ತಕವೆಂದರೆ ಬಿಡಿಹಾಳೆಗಳ ಕಟ್ಟು. ಆ ಕಟ್ಟನ್ನು ಸುಮಾರು ಒಂದೂವರೆ ಮಿ.ಮೀ. ದಪ್ಪದ ಪದರಗಳಾಗಿ ವಿಂಗಡಿಸುತ್ತಾರೆ. ಕೆಲಸಗಾರ್ತಿ ಒಂದೊಂದೇ ಪದರವನ್ನು ಯಂತ್ರಕ್ಕೆ ಒಡ್ಡುತ್ತಾಳೆ. ಸಾಲುಗಟ್ಟಿದ ಸೂಜಿಗಳು ಓರೆಯಾಗಿ ಇಳಿದು ಹೊಸ ಪದರವನ್ನೂ ಹಿಂದಿನ ಪದರವನ್ನೂ ಒಟ್ಟಿಗೆ ಚುಚ್ಚುತ್ತವೆ, ಆಚೆ ಕಡೆಯ ಲಾಳಿಯ ದಾರ ಆ ಕುಣಿಕೆಗಳಿಗೆ ಬೀಗ ಹಾಕುತ್ತದೆ.

ಬೈಂಡರಿಗಳಿಗೆ ಇದು ಎಂಥ ವರವಾಯಿತು ಎಂದು ಅರ್ಥವಾಗಬೇಕಾದರೆ ಹಿಂದಿನ ಪಾಡು ಗೊತ್ತಿರಬೇಕು. ಹರಿದ ಮಡಿಕೆಯ ಪುಸ್ತಕವನ್ನು ಮತ್ತೆ ಹೊಲಿಯಬೇಕಾದರೆ ಒಂದೊಂದು ಜೋಡಿಹಾಳೆಗೂ ತೆಳುಕಾಗದದ ಪಟ್ಟಿ ಅಂಟಿಸಿ, ಒಣಗಿಸಿ, ಮಡಿಚಿ, ಫಾರಂ ಮಾಡಿಕೊಂಡು, ಆಮೇಲೆ ಕೈಯಲ್ಲಿ ಟೇಪಿನ ಮೇಲೆ ಹೊಲಿಯಬೇಕಿತ್ತು. 400 ಪುಟದ ಒಂದು ಪುಸ್ತಕದಲ್ಲಿ 200 ಹಾಳೆ, ಅಂದರೆ 100 ಮಡಿಕೆ. ಯಂತ್ರಕ್ಕೆ ಮಡಿಕೆ ಹರಿದಿದೆಯೋ ಇಲ್ಲವೋ ಬೇಕಾಗಿಲ್ಲ, ಹೇಗೂ ಕತ್ತರಿಸಿಯೇ ಬಿಡುತ್ತದೆ. ಬಿಡಿಹಾಳೆಯ ಪ್ರಬಂಧವಾಗಲಿ ಪಿನ್ ಹೊಡೆದ ಪತ್ರಿಕೆಯಾಗಲಿ ಎಲ್ಲಕ್ಕೂ ಒಂದೇ ದಾರಿ. ಗಟ್ಟಿತನದಲ್ಲಂತೂ ಎರಡು ಮಾತಿಲ್ಲ: ಸರಿಯಾಗಿ ಓವರ್‌ಸೋ ಮಾಡಿದ ಪುಸ್ತಕದಿಂದ ಒಂದು ಹಾಳೆ ಕೀಳಬೇಕಾದರೆ ಹರಿದೇ ತೆಗೆಯಬೇಕು.

ಆದರೆ ಬೆಲೆ ತೆರಬೇಕಾಯಿತು. ಕತ್ತರಿಸಿದ್ದು 3 ಮಿ.ಮೀ., ಸೂಜಿ ಹಾದ ಜಾಗ ಇನ್ನೈದಾರು ಮಿ.ಮೀ. ಒಟ್ಟು ಹತ್ತಿರಹತ್ತಿರ 1 ಸೆಂ.ಮೀ. ಒಳ ಅಂಚು ಹೋಯಿತು. ಒಳ ಅಂಚು ಒಂದೂವರೆ ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅಕ್ಷರಗಳು ಬೆನ್ನಿನ ಕಣಿವೆಯಲ್ಲಿ ಮುಳುಗುತ್ತವೆ. ಪುಸ್ತಕ ಮೇಜಿನ ಮೇಲೆ ತೆರೆದು ನಿಲ್ಲುವುದಿಲ್ಲ, ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಪೆಡಸು ಕಾಗದವಾದರೆ ಪ್ರತಿ ಸಲ ಪುಟ ತಿರುಗಿಸಿದಾಗಲೂ ಹೊಲಿಗೆಯ ಗೆರೆಯಲ್ಲೇ ಹಾಳೆ ಬಾಗುತ್ತದೆ. ಸೂಜಿತೂತುಗಳ ಸಾಲು ಅಲ್ಲೇ ಇರುವುದರಿಂದ ಒಂದು ದಿನ ಆ ಗೆರೆಯಲ್ಲೇ ಮುರಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಇದನ್ನು ಹಿಂತಿರುಗಿಸಲಾಗದು. ಮತ್ತೊಮ್ಮೆ ಬೈಂಡ್ ಮಾಡಬೇಕಾದರೆ ಹಳೆಯ ಹೊಲಿಗೆಯಿರುವ ಭಾಗವನ್ನೇ ಕತ್ತರಿಸಬೇಕು, ಅದಕ್ಕೆ ಅಂಚು ಉಳಿದಿರುವುದಿಲ್ಲ.

ಕೆಟ್ಟ ಕಾಗದಕ್ಕೆಂದು ಚಿವರ್ಸ್ ಆರಿಸಿದ ಹೊಲಿಗೆ ಯಂತ್ರದ ಅನುಕೂಲದಿಂದಾಗಿ ಒಳ್ಳೆಯ ಕಾಗದಕ್ಕೂ, ಮಡಿಕೆ ಗಟ್ಟಿಯಾಗಿದ್ದ ಪುಸ್ತಕಕ್ಕೂ ಬಂತು. 1935ರಲ್ಲಿ ಬೈಂಡರಿಗಳು ಸೇರಿ ಲೈಬ್ರರಿ ಬೈಂಡಿಂಗ್ ಇನ್‌ಸ್ಟಿಟ್ಯೂಟ್ ಕಟ್ಟಿಕೊಂಡವು. ಕಳಪೆ ಬಟ್ಟೆ, ತೆಳು ರಟ್ಟು ಬಳಸಿ ದರ ಕಡಿಮೆ ಮಾಡುವವರನ್ನು ತಡೆಯಲು ಕನಿಷ್ಠ ಗುಣಮಟ್ಟ ಬೇಕಿತ್ತು, ಅದು ನ್ಯಾಯವೇ. ಆದರೆ ಆ ಗುಣಮಟ್ಟದಲ್ಲಿ ಓವರ್‌ಸೋಯಿಂಗ್ ಬಹುಕಾಲ ಪ್ರಧಾನ ಹೊಲಿಗೆಯಾಗಿ ಕುಳಿತಿತು.

ಕಾರ್ಖಾನೆಯೊಳಗೆ ಒಂದು ಸುತ್ತು

ಲಾರಿ ಬಂದಿಳಿಸಿದ ಪುಸ್ತಕ ಮೊದಲು ಹೋಗುವುದು ತಪಾಸಣೆಯ ಮೇಜಿಗೆ. ಪುಟಗಳು ಕ್ರಮವಾಗಿವೆಯೇ, ನಕ್ಷೆಗಳು ಮಡಿಚಿಕೊಂಡಿವೆಯೇ, ಒಳ ಅಂಚು ಎಷ್ಟಿದೆ ಎಂದು ನೋಡುತ್ತಾರೆ. ಪತ್ರಿಕೆಯಾದರೆ ಸಂಚಿಕೆಗಳ ಕ್ರಮ, ಸೂಚಿ ಮುಂದೋ ಹಿಂದೋ ಎಂಬುದೂ ಬೇಕು. ಕಾಗದ ಪೆಡಸಾಗಿದೆಯೇ ಎಂದು ತಿಳಿಯಲು ಪುಟದ ಮೂಲೆಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಮಡಿಚುತ್ತಾರೆ. ಎರಡು ಮೂರು ಸಲಕ್ಕೇ ಮೂಲೆ ಕಳಚಿದರೆ ಆ ಪುಸ್ತಕಕ್ಕೆ ಯಾವ ಬೈಂಡಿಂಗೂ ಬೇಡ, ಆಮ್ಲರಹಿತ ರಟ್ಟಿನ ಪೆಟ್ಟಿಗೆ ಮಾಡಿ ವಾಪಸು ಕಳುಹಿಸುವುದೇ ಸರಿ.

ಬೆನ್ನಿನ ಮೇಲಿನ ಬರಹ ಇನ್ನೊಂದು ದೊಡ್ಡ ವಿಭಾಗ. ಒಂದು ಪತ್ರಿಕೆಯ ನಲವತ್ತು ಸಂಪುಟಗಳು ಕಪಾಟಿನಲ್ಲಿ ಸಾಲಾಗಿ ನಿಂತಾಗ ಹೆಸರು, ಸಂಪುಟ, ವರ್ಷ, ಕರೆಸಂಖ್ಯೆ ಎಲ್ಲವೂ ಒಂದೇ ಎತ್ತರದಲ್ಲಿ ಬರಬೇಕು. ಕಂಪ್ಯೂಟರಿಗಿಂತ ಮುಂಚೆ ಇದಕ್ಕಾಗಿ ಹಿಂದಿನ ಸಂಪುಟದ ಬೆನ್ನಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಆ ಪಟ್ಟಿಯನ್ನು ಗ್ರಂಥಾಲಯದ ಹೆಸರು, ಬಟ್ಟೆಯ ಬಣ್ಣದ ಸಂಖ್ಯೆ, ಅಕ್ಷರದ ಅಳತೆಯೊಂದಿಗೆ ಕಾರ್ಡಿಗೆ ಲಗತ್ತಿಸಿ ಇಡುತ್ತಿದ್ದರು. ಒಂದು ಮನೆತನದ ಬೈಂಡರಿಯ ನಿಜವಾದ ಆಸ್ತಿ ಎಂದರೆ ಈ ಕಾರ್ಡುಗಳೇ. ಗ್ರಂಥಾಲಯವೊಂದು ಬೈಂಡರಿ ಬದಲಾಯಿಸಿದರೆ ಕಪಾಟಿನ ಮಧ್ಯದಲ್ಲಿ ಬಣ್ಣವೂ ಅಕ್ಷರವೂ ಬದಲಾಗುವುದು ಈ ಕಾರಣಕ್ಕೆ.

ಹೊಲಿದ ಮೇಲೆ ಬೆನ್ನಿಗೆ ಅಂಟು ಹಚ್ಚಿ, ಪೂರ್ತಿ ಒಣಗುವ ಮೊದಲೇ ಬೆನ್ನನ್ನು ದುಂಡಗೆ ಮಾಡುತ್ತಾರೆ. ದುಂಡು ಬೆನ್ನು ಅಂದಕ್ಕಾಗಿ ಮಾಡುವುದಲ್ಲ. ಚಪ್ಪಟೆ ಬೆನ್ನಿನ ದಪ್ಪ ಪುಸ್ತಕವನ್ನು ನಿಲ್ಲಿಸಿಟ್ಟರೆ ಹಾಳೆಗಳ ಭಾರಕ್ಕೆ ಬೆನ್ನು ಒಳಕ್ಕೆ ಕುಸಿಯುತ್ತದೆ, ಮುಂದಿನ ಅಂಚು ರಟ್ಟಿನಿಂದಾಚೆ ಚಾಚುತ್ತದೆ. ಮೊದಲೇ ಹೊರಕ್ಕೆ ಬಾಗಿಸಿದ್ದರೆ ಕುಸಿತ ತಡವಾಗುತ್ತದೆ. ಆಮೇಲೆ ಬೆನ್ನಿನ ಎರಡೂ ಪಕ್ಕಗಳನ್ನು ಹೊರಕ್ಕೆ ಮಡಿಸಿ ರಟ್ಟು ಕೂರಲು ಏಣು ಮಾಡುತ್ತಾರೆ. ಬೆನ್ನಿಗೆ ಗಟ್ಟಿ ಹತ್ತಿಬಟ್ಟೆ ಅಂಟಿಸುತ್ತಾರೆ. ಈ ಬಟ್ಟೆ ಎರಡೂ ಕಡೆ ಕನಿಷ್ಠ 2.5 ಸೆಂ.ಮೀ. ಚಾಚಿ ಎಂಡ್ ಪೇಪರಿನ ಮೇಲೆ ಕೂರಬೇಕು. ಮೇಲೆ ಕೆಳಗೆ ಸುಮಾರು 1 ಸೆಂ.ಮೀ. ಬಿಟ್ಟು ಉಳಿದ ಬೆನ್ನನ್ನೆಲ್ಲ ಮುಚ್ಚಬೇಕು. ಕೀಲಿನ ಆಯುಸ್ಸು ನಿರ್ಧಾರವಾಗುವುದು ಈ ಒಂದು ಪಟ್ಟಿಯಲ್ಲಿ.

ರಟ್ಟು 2ರಿಂದ 3 ಮಿ.ಮೀ. ದಪ್ಪದ, ಒತ್ತಿ ಗಟ್ಟಿ ಮಾಡಿದ ಬೈಂಡರ್ಸ್ ಬೋರ್ಡು. ಹಾಳೆಗಳಿಗಿಂತ ಮೂರು ಕಡೆ 3 ಮಿ.ಮೀ. ಹೊರಗಿರುವಂತೆ ಕತ್ತರಿಸುತ್ತಾರೆ. ಹೊದಿಕೆ ಬಕ್ರಮ್: ಗಟ್ಟಿ ಹತ್ತಿಬಟ್ಟೆಗೆ ಅಕ್ರಿಲಿಕ್ ಲೇಪ ಕೊಟ್ಟದ್ದು. 'ಗ್ರೂಪ್ ಎಫ್' ಎಂದು ಗುರುತಿಸುವ ಈ ದರ್ಜೆಯ ಬಟ್ಟೆ ಅರ್ಧ ಶತಮಾನ ಕಪಾಟಿನಲ್ಲಿ ಉಜ್ಜಿದರೂ ಮೂಲೆ ಸವೆಯುವುದು ಕಡಿಮೆ. ಕೊನೆಗೆ ರಟ್ಟಿಗೂ ಪುಸ್ತಕಕ್ಕೂ ಅಂಟು ಹಾಕಿ ಕೀಲಿನ ಗುಳಿಯಲ್ಲಿ ಬಿಸಿ ಒತ್ತು ಕೊಡುತ್ತಾರೆ.

ಇಲ್ಲೆಲ್ಲ ಕಾಣದೆ ಕೆಲಸ ಕೆಡಿಸುವುದು ಕಾಗದದ ಗ್ರೇನ್, ಅಂದರೆ ನಾರು ಹಾಸಿದ ದಿಕ್ಕು. ರಟ್ಟು, ಎಂಡ್ ಪೇಪರ್, ಹೊದಿಕೆ ಬಟ್ಟೆ ಮೂರರ ಗ್ರೇನೂ ಬೆನ್ನಿಗೆ ಸಮಾನಾಂತರವಾಗಿ ಮೇಲಿನಿಂದ ಕೆಳಕ್ಕೆ ಇರಬೇಕು. ತೇವ ತಗಲಿದಾಗ ಕಾಗದ ಉಬ್ಬುವುದು ಗ್ರೇನಿಗೆ ಅಡ್ಡಡ್ಡವಾಗಿ. ದಿಕ್ಕು ತಪ್ಪಿದರೆ ರಟ್ಟು ಸೊಟ್ಟಗಾಗುತ್ತದೆ, ಎಂಡ್ ಪೇಪರ್ ಸುಕ್ಕುಗಟ್ಟುತ್ತದೆ. ತಿಳಿಯುವುದು ಸುಲಭ: ರಟ್ಟನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಬಾಗಿನ ಉದ್ದಕ್ಕೆ ಗ್ರೇನ್ ಇದೆ.

ಜೆರಾಕ್ಸ್ ಹುಟ್ಟಿಸಿದ ಪ್ರಶ್ನೆ

1959ರಲ್ಲಿ ಜೆರಾಕ್ಸ್ 914 ಬಂತು. ಮುಂದಿನ ಎರಡು ದಶಕಗಳಲ್ಲಿ ಪ್ರತಿ ಗ್ರಂಥಾಲಯದಲ್ಲೂ ಫೋಟೋಕಾಪಿ ಯಂತ್ರ ಕೂತಿತು. ತೆರೆದು ನಿಲ್ಲದ ಓವರ್‌ಸೋ ಪುಸ್ತಕವನ್ನು ಗಾಜಿನ ಮೇಲೆ ಬೋರಲಾಗಿಟ್ಟು, ಬೆನ್ನಿನ ಮೇಲೆ ಅಂಗೈ ಊರಿ ಒತ್ತುವುದು ಓದುಗರ ಅಭ್ಯಾಸವಾಯಿತು. ಹಾಗೆ ಒತ್ತಿದರೂ ಒಳ ಅಂಚಿನ ಅಕ್ಷರ ಕಪ್ಪು ನೆರಳಲ್ಲೇ ಉಳಿಯುತ್ತಿತ್ತು, ಹಾಳೆ ಮಾತ್ರ ಮುರಿಯುತ್ತಿತ್ತು. ಸಂರಕ್ಷಣೆಯ ಕೆಲಸದಲ್ಲಿದ್ದ ಗ್ರಂಥಪಾಲಕರು ಬೈಂಡರಿಗಳೊಂದಿಗೆ ಗಟ್ಟಿಯಾಗಿ ವಾದಕ್ಕಿಳಿದರು.

ಉತ್ತರ ಜರ್ಮನಿಯಿಂದ ಬಂದಿತ್ತು. 1930ರ ದಶಕದಲ್ಲಿ ಎಮಿಲ್ ಲುಂಬೆಕ್ ಎಂಬುವರು ಬಿಡಿಹಾಳೆಗಳ ಬೆನ್ನನ್ನು ಬೀಸಣಿಗೆಯಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹರಡಿ ಅಂಟು ಹಚ್ಚುವ ವಿಧಾನವನ್ನು ಬಳಕೆಗೆ ತಂದಿದ್ದರು. ಡಬಲ್-ಫ್ಯಾನ್ ಎಂದು ಕರೆಯುವುದು ಇದನ್ನೇ. ಹೊಲಿಗೆಯಿಲ್ಲದೆ ಅಂಟಿನಿಂದಲೇ ಹಿಡಿಸುವ ಸಾಧಾರಣ ಪರ್ಫೆಕ್ಟ್ ಬೈಂಡಿಂಗಿನಲ್ಲಿ ಅಂಟು ಹಾಳೆಯ ಕತ್ತರಿಸಿದ ಅಂಚಿಗೆ ಮಾತ್ರ ತಗಲುತ್ತದೆ. ಇಲ್ಲಿ ಪ್ರತಿ ಹಾಳೆಯ ಎರಡೂ ಮೈಗೆ ಅರ್ಧ ಮಿ.ಮೀ.ಗಿಂತ ಕಡಿಮೆ ಅಗಲದ ಅಂಟಿನ ಗೆರೆ ಇಳಿಯುತ್ತದೆ. ಹೀಗಾಗಿ ಹಾಳೆ ಹಾಳೆಗೂ ನೇರ ಹಿಡಿತ ಸಿಗುತ್ತದೆ, ಅಂಚು ಉಳಿಯುತ್ತದೆ, ಪುಸ್ತಕ ಮೇಜಿನ ಮೇಲೆ ಪೂರ್ತಿ ತೆರೆದುಕೊಳ್ಳುತ್ತದೆ. ಒಣಗಿದ ಮೇಲೂ ಬಾಗುವ ಬಿಳಿಯ ಪಿ.ವಿ.ಎ. ಅಂಟು ಬಂದ ಮೇಲೆ ಇದು ನಂಬಿಕಸ್ತ ವಿಧಾನವಾಯಿತು.

ಈ ಬದಲಾವಣೆ ಬರಹದ ನಿಯಮವಾಗಿ ಬಂದದ್ದು 1986ರಲ್ಲಿ, ಇನ್‌ಸ್ಟಿಟ್ಯೂಟಿನ ಗುಣಮಟ್ಟದ ಎಂಟನೆಯ ಆವೃತ್ತಿಯಲ್ಲಿ. ಸಂರಕ್ಷಣಾ ಗ್ರಂಥಪಾಲಕಿ ಜಾನ್ ಮೆರಿಲ್-ಓಲ್ಡಮ್ ಮತ್ತು ಆಕ್ಮೆಯ ಪಾಲ್ ಪಾರಿಸಿ ಅದರ ಹಿಂದೆ ಜೊತೆಯಾಗಿ ದುಡಿದರು. ಒಬ್ಬರು ಕೊಳ್ಳುವ ಕಡೆಯವರು, ಇನ್ನೊಬ್ಬರು ಮಾರುವ ಕಡೆಯವರು, ಅದೂ ಬೈಂಡಿಂಗ್ ಮನೆತನದವರು. ತಮ್ಮ ಕಾರ್ಖಾನೆಗಳಲ್ಲಿ ದುಬಾರಿ ಓವರ್‌ಸೋಯಿಂಗ್ ಯಂತ್ರಗಳು ನಿಂತಿರುವಾಗ ಅವುಗಳ ಕೆಲಸ ಕಡಿಮೆ ಮಾಡುವ ನಿಯಮಕ್ಕೆ ಬೈಂಡರಿಗಳೇ ಒಪ್ಪಿದ್ದು ಸಣ್ಣ ವಿಷಯವಲ್ಲ. ಪುಸ್ತಕ ನೋಡಿ ವಿಧಾನ ಆರಿಸುವ ಪದ್ಧತಿ ಬಂತು: ಮಡಿಕೆ ಗಟ್ಟಿಯಾಗಿದ್ದು ಹೊಲಿಗೆ ಚೆನ್ನಾಗಿದ್ದರೆ ಅದನ್ನು ಮುಟ್ಟದೆ ರಟ್ಟು ಮಾತ್ರ ಹೊಸದು, ಹೊಲಿಗೆ ಹೋಗಿ ಮಡಿಕೆ ಉಳಿದಿದ್ದರೆ ಮಡಿಕೆಯ ಮೂಲಕ ಮರುಹೊಲಿಗೆ, ಮಡಿಕೆಯೇ ಇಲ್ಲದಿದ್ದರೆ ಡಬಲ್-ಫ್ಯಾನ್. ಬೇರೆ ದಾರಿ ಇಲ್ಲದಾಗ ಮಾತ್ರ, ಕಾಗದ ಮೆತ್ತಗಿದ್ದು ಅಂಚು ಅಗಲವಿದ್ದರೆ ಓವರ್‌ಸೋಯಿಂಗ್. ಮುಂದೆ ಇದೇ ರಾಷ್ಟ್ರೀಯ ಗುಣಮಟ್ಟವಾಗಿ ಝಡ್39.78-2000 ಎಂಬ ಸಂಖ್ಯೆ ಪಡೆಯಿತು.

ಇದಕ್ಕೆ ಹೊರತಾದ ಒಂದು ಕವಲೂ ಇದೆ. ಇಲಿನಾಯ್ ರಾಜ್ಯದ ಜಾಕ್ಸನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮಕ್ಕಳ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಮಾರುವ ಮೊದಲೇ ಬಿಗಿಯಾಗಿ ಮರುಬೈಂಡ್ ಮಾಡುವ ಎರಡು ಕಂಪನಿಗಳು ಬೆಳೆದವು: ಬೌಂಡ್ ಟು ಸ್ಟೇ ಬೌಂಡ್ ಮತ್ತು ಪರ್ಮಾ-ಬೌಂಡ್. ಮೊದಲನೆಯದರ ಅಧ್ಯಕ್ಷರಾಗಿದ್ದ ರಾಬರ್ಟ್ ಎಫ್. ಸೈಬರ್ಟ್ ಹೆಸರಿನಲ್ಲಿ 2001ರಿಂದ ಮಕ್ಕಳ ಮಾಹಿತಿ ಪುಸ್ತಕಗಳಿಗೆ ಪದಕ ಕೊಡುತ್ತಾರೆ. ತೆಳ್ಳಗಿನ, ದಿನವೂ ಎಳೆದಾಡಿಸಿಕೊಳ್ಳುವ ಮಕ್ಕಳ ಪುಸ್ತಕಕ್ಕೆ ಪಕ್ಕದಿಂದ ಹೊಲಿಯುವ ಸೈಡ್ ಸ್ಟಿಚ್ಚೇ ಒಪ್ಪುತ್ತದೆ. ಹತ್ತು ವರ್ಷ ಬಾಳಿದರೆ ಅದಕ್ಕೆ ಸಾಕು.

1990ರ ದಶಕದ ಕೊನೆಗೆ ಸಂಶೋಧನಾ ಪತ್ರಿಕೆಗಳು ಕಂಪ್ಯೂಟರ್ ಪರದೆಗೆ ಹೋದವು. ಬೈಂಡರಿಗಳ ಅನ್ನವೆಂದರೆ ವರ್ಷವರ್ಷವೂ ತಪ್ಪದೆ ಬರುತ್ತಿದ್ದ ಪತ್ರಿಕೆಗಳ ಸಂಪುಟಗಳು. ಅದು ನಿಂತಾಗ ಸಣ್ಣವು ಮುಚ್ಚಿದವು, ಉಳಿದವು ಒಂದರಲ್ಲೊಂದು ಸೇರಿದವು. ಹೆಕ್‌ಮನ್ ಬೈಂಡರಿಯು ಎಚ್‌ಎಫ್ ಗ್ರೂಪ್ ಎಂಬ ದೊಡ್ಡ ಗುಂಪಿನ ಭಾಗವಾಯಿತು. ಸಣ್ಣ ಸಂಖ್ಯೆಯ ಮುದ್ರಣ, ಪೆಟ್ಟಿಗೆ ತಯಾರಿ, ಸ್ಕ್ಯಾನಿಂಗ್ ಇವೂ ಕೆಲಸಗಳಾದವು.

ನಮ್ಮ ಪುಸ್ತಕಗಳ ಮಾತು

ಈ ಚರಿತ್ರೆ ಕನ್ನಡಕ್ಕೆ ಪೂರ್ತಿ ಹೊರಗಿನದಲ್ಲ. ಅಮೆರಿಕದ ಆಹಾರಧಾನ್ಯ ನೆರವಿನ ಪಿ.ಎಲ್. 480 ಯೋಜನೆಯ ರೂಪಾಯಿ ಹಣದಲ್ಲಿ 1962ರಿಂದ ಭಾರತದ ಪುಸ್ತಕಗಳು ಅಮೆರಿಕದ ಗ್ರಂಥಾಲಯಗಳಿಗೆ ಹೋದವು, ಅವುಗಳಲ್ಲಿ ಕನ್ನಡದವೂ ಇದ್ದವು. ನಮ್ಮಲ್ಲಿ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 3050 ಎಂಬ ಸಂಹಿತೆ ಗ್ರಂಥಾಲಯ ಪುಸ್ತಕ ಮತ್ತು ಪತ್ರಿಕೆಗಳ ಬಲವರ್ಧಿತ ಬೈಂಡಿಂಗ್‌ಗಾಗಿಯೇ 1965ರಿಂದ ಇದೆ. ಟೆಂಡರ್ ಕರೆಯುವಾಗ ಆ ಸಂಖ್ಯೆಯನ್ನು ನಮೂದಿಸಿ, ದಾರ, ರಟ್ಟು, ಬಟ್ಟೆಯ ವಿವರ ಕೇಳಿದರೆ ಬರೀ ಕನಿಷ್ಠ ದರದ ಮೇಲೆ ಕೆಲಸ ಹೋಗುವುದು ತಪ್ಪುತ್ತದೆ.

ಈಗಿನ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು 1/8 ಡೆಮಿ ಅಳತೆಯವು, ಬಿಸಿ ಅಂಟಿನ ಪರ್ಫೆಕ್ಟ್ ಬೈಂಡಿಂಗ್. ಒಳ ಅಂಚು ಹಲವಕ್ಕೆ ಒಂದೂವರೆ ಸೆಂ.ಮೀ. ಕೂಡ ಇರುವುದಿಲ್ಲ. ಬಿಸಿ ಅಂಟು ಕಾಲ ಕಳೆದಂತೆ ಪೆಡಸಾಗಿ, ಬೆನ್ನು ಒಂದು ಕಡೆ ಸೀಳಿ, ಅಲ್ಲಿಂದ ಹಾಳೆ ಉದುರಲು ಶುರುವಾಗುತ್ತದೆ. ಇದನ್ನು ದಬ್ಬಳದಿಂದ ಪಕ್ಕದಲ್ಲಿ ತೂತು ಹೊಡೆದು ಹೊಲಿದರೆ ಓವರ್‌ಸೋಯಿಂಗಿನ ಎಲ್ಲ ಕೇಡೂ ಬರುತ್ತದೆ, ಅಂಚು ಕಡಿಮೆ ಇರುವುದರಿಂದ ಇನ್ನೂ ಹೆಚ್ಚಾಗಿಯೇ. ಈ ಪುಸ್ತಕಗಳಿಗೆ ಡಬಲ್-ಫ್ಯಾನ್ ಸರಿಯಾದ ದಾರಿ, ಅದನ್ನು ದೊಡ್ಡ ಯಂತ್ರವಿಲ್ಲದೆ ಮಾಡಬಹುದು.

ಮುಖಪುಟವನ್ನು ಬಿಡಿಸಿ ಹಳೆಯ ಅಂಟಿನ ಪದರವನ್ನು ತೆಗೆಯಿರಿ. ಕಟಿಂಗ್ ಮೆಷಿನ್ನಿನಲ್ಲಿ ಬೆನ್ನಿನ ಕಡೆಯಿಂದ 2 ಮಿ.ಮೀ. ಸಾಕು. ಬಿಸಿ ಅಂಟು ಎಲ್ಲಾದರೂ ಉಳಿದರೆ ಹೊಸ ಅಂಟು ಅಲ್ಲಿ ಹಿಡಿಯುವುದಿಲ್ಲ, ಹಾಗಾಗಿ ಎರಡು ಹಾಳೆ ಬೇರೆ ಬೇರೆ ಬರುತ್ತವೆಯೇ ಎಂದು ಬೆರಳಿನಿಂದ ಸರಿಸಿ ನೋಡಿ. ಬೆನ್ನಿಗೆ ಮರಳುಕಾಗದ ಉಜ್ಜಿ ನಾರು ಏಳಿಸಿ. ಹೊಸ ಎಂಡ್ ಪೇಪರನ್ನು ಎರಡೂ ಕಡೆ ಸೇರಿಸಿ ತಟ್ಟಿ ಸಮ ಮಾಡಿಕೊಂಡು, ಬೆನ್ನು ಮೇಲಾಗಿ ಎರಡು ಹಲಗೆಗಳ ನಡುವೆ ಬಿಗಿಯಿರಿ. ಪುಸ್ತಕದ ಅರ್ಧಕ್ಕಿಂತ ಹೆಚ್ಚು ಭಾಗ ಹಲಗೆಯ ಮೇಲೆ ಸಡಿಲವಾಗಿರಬೇಕು, ಇಲ್ಲದಿದ್ದರೆ ಹಾಳೆಗಳು ಹರಡುವುದಿಲ್ಲ. ಈಗ ಬೆನ್ನನ್ನು ಒಂದು ಕಡೆಗೆ ಬಾಗಿಸಿ ಮೆಟ್ಟಿಲು ಮೆಟ್ಟಿಲಾಗಿ ಹರಡಿಸಿ ಪಿ.ವಿ.ಎ. ಅಂಟನ್ನು ತೆಳ್ಳಗೆ ಬ್ರಷ್‌ನಿಂದ ಹಚ್ಚಿ, ಇನ್ನೊಂದು ಕಡೆಗೆ ಬಾಗಿಸಿ ಮತ್ತೆ ಹಚ್ಚಿ. ನೇರ ಮಾಡಿ, ಹಲಗೆಯ ಅಂಚಿನ ಮಟ್ಟಕ್ಕೆ ಪುಸ್ತಕವನ್ನು ಇಳಿಸಿ ಗಟ್ಟಿಯಾಗಿ ಬಿಗಿದು, ಬೆನ್ನಿಗೆ ಹತ್ತಿಬಟ್ಟೆ ಕೂರಿಸಿ ಒಂದು ರಾತ್ರಿ ಬಿಡಿ. ಅಂಟು ದಪ್ಪವಾದರೆ ಬೆನ್ನು ಗಟ್ಟಿಹಲಗೆಯಂತಾಗುತ್ತದೆ, ಒಳಗೆ ಹರಿದು ಪುಟಗಳು ಅಂಟಿಕೊಳ್ಳುತ್ತವೆ. ನೀರು ಬೆರೆಸಿ ತೀರ ತೆಳುವಾಗಿಸಿದರೆ ಹಾಳೆ ಸುಕ್ಕುಗಟ್ಟುತ್ತದೆ.

ಮೂರು ಸೆಂ.ಮೀ.ಗಿಂತ ದಪ್ಪದ ಪುಸ್ತಕವಾದರೆ ಬೆನ್ನಿನಲ್ಲಿ ಗರಗಸದಿಂದ 2 ಮಿ.ಮೀ. ಆಳದ ಐದಾರು ಗೀರು ಕೊಯ್ದು ದಾರ ಕೂರಿಸಿ ಅಂಟು ತುಂಬಿ. ನುಣುಪಾದ ಆರ್ಟ್ ಪೇಪರಿನ ಚಿತ್ರಪುಸ್ತಕಗಳಲ್ಲಿ ಅಂಟು ಹಿಡಿಯುವುದು ಮೇಲಿನ ಸುಣ್ಣದಂಥ ಲೇಪವನ್ನು ಮಾತ್ರ, ನಾರನ್ನಲ್ಲ. ಲೇಪ ಕಳಚಿದೊಡನೆ ಹಾಳೆ ಬರುತ್ತದೆ. ಅವು ಫಾರಂ ಆಗಿ ಬಂದಿದ್ದರೆ ಮಡಿಕೆ ಕತ್ತರಿಸಲು ಬಿಡಲೇಬೇಡಿ.

ರಟ್ಟಿಗೆ ಮೈದಾ ಅಂಟು ಬಳಸುವವರು ಮೈಲುತುತ್ತು ಹಾಕುವ ರೂಢಿಯಿದೆ. ಹುಳಕ್ಕೆ ಅದು ತಡೆಯೇ, ಆದರೆ ಮಳೆಗಾಲದಲ್ಲಿ ಮೈದಾ ಅಂಟಿನ ಪುಸ್ತಕವನ್ನು ಸಾಕಷ್ಟು ಒಣಗಿಸದೆ ಒತ್ತಿಟ್ಟರೆ ಬೂಷ್ಟು ತಪ್ಪುವುದಿಲ್ಲ. ಕರಾವಳಿ ಮತ್ತು ಮಲೆನಾಡಿನ ಗ್ರಂಥಾಲಯಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಂಡಿಂಗ್‌ಗೆ ಕಳುಹಿಸದಿರುವುದು ಒಳ್ಳೆಯದು. ಮಾರ್ಚ್ ಕೊನೆಗೆ ಅನುದಾನ ಮುಗಿಸಲೆಂದು ಒಟ್ಟಿಗೆ ಸುರಿದರೂ ಕೆಲಸ ಕೆಡುತ್ತದೆ: ಒಣಗಲು ಬೇಕಾದ ರಾತ್ರಿಗಳನ್ನು ಯಾವ ಬೈಂಡರೂ ಸೃಷ್ಟಿಸಲಾರರು.

ಪ್ರತಿ ಪುಸ್ತಕದೊಳಗೂ ಒಂದು ಚೀಟಿ ಇಡಿ: ಬೆನ್ನಿನ ಮೇಲೆ ಬರಬೇಕಾದ ಬರಹ ಸಾಲು ಸಾಲಾಗಿ, ಬಟ್ಟೆಯ ಬಣ್ಣ, ಬೆನ್ನು ಕತ್ತರಿಸಬಹುದೋ ಇಲ್ಲವೋ, ಉಳಿದ ಮೂರು ಅಂಚು ಕತ್ತರಿಸಬಹುದೋ ಇಲ್ಲವೋ, ಮೂಲ ಮುಖಪುಟವನ್ನು ಒಳಗೆ ಸೇರಿಸಬೇಕೋ. ಅಂಚಿನಲ್ಲಿ ಹಳೆಯ ಓದುಗರ ಟಿಪ್ಪಣಿಗಳಿದ್ದರೆ 'ಅಂಚು ಕತ್ತರಿಸಬಾರದು' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ವಾಪಸು ಬಂದಾಗ ಪುಟಗಳ ಕ್ರಮ ನೋಡಿ, ಮಧ್ಯದಲ್ಲಿ ತೆರೆದು ಮೇಜಿನ ಮೇಲಿಡಿ, ಮಧ್ಯದ ಒಂದು ಹಾಳೆಯನ್ನು ಹಿಡಿದು ಹದವಾಗಿ ಮೇಲಕ್ಕೆ ಎಳೆದು ನೋಡಿ. ಹಾಳೆ ಕದಲಿದರೆ, ತಲೆಕೆಳಗಾದ ಫಾರಂ ಕಂಡರೆ, ಅಕ್ಷರ ಬೆನ್ನಿನ ಕಣಿವೆಯಲ್ಲಿ ಮುಳುಗಿದ್ದರೆ ಆ ಪುಸ್ತಕಗಳನ್ನು ಬೇರೆಯಿಟ್ಟು, ಬಿಲ್ ಪಾಸು ಮಾಡುವ ಮೊದಲೇ ಕಾರಣ ಬರೆದು ಬೈಂಡರಿಗೆ ಹಿಂದಿರುಗಿಸಿ.